ಭುಜದ ಮೇಲಿನ ಸಿಟ್ಟು

"ಕೈ ಬಿಡ್ರಿ! ಮನುಷ್ಯಾರೋ ಕಲ್ಲೋ ನೀವು?"

ಭುವನೇಶ್ವರಿ ಚೀರಿದ್ದಕ್ಕೆ ಶಹಾಪುರದ ಆ ಫಿಸಿಯೋಥೆರಪಿ ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಡಾಕ್ಟರ್ ನೀಲಕಂಠ ತಕ್ಷಣ ಅವಳ ಬಲಗೈ ಬಿಟ್ಟ. ಮಾತು ಮಾತ್ರ ಬಿಡಲಿಲ್ಲ.

"ಎಲುಬು ಕೂಡ್ಯಾದ ಅಕ್ಕಾರ. ನೋವಾಗ್ತದಂತ ಕೈ ಕೊರಳಿಗೆ ಕಟಗೊಂಡು ಕುಂತ್ರಿ, ಭುಜ ಬಿಗ್ದಾದ. ಇನ್ನ ಆಡಿಸಿ ಆಡಿಸೇ ಬಿಡಿಸ್ಬೇಕು. ಸಾಕಂದ್ರ ಸಾಕು, ಅಲ್ಲೇ ನಿಲ್ಲಸ್ತೀನಿ."

ಬಸ್ಸಿನ ಮೆಟ್ಟಿಲಿಂದ ಬಿದ್ದು ಭುಜದ ಎಲುಬು ಮುರಿದಾಗಿನಿಂದ ಓಣಿಯ ಮಂದಿಯೆಲ್ಲ 'ಕೈ ಅಲುಗಿಸಬೇಡ' ಎಂದೇ ಬುದ್ಧಿ ಹೇಳಿದ್ದರು. ಅವ್ವ ಕಲ್ಯಾಣಮ್ಮನ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದ ಕೈ ಈಗ ಜಡೆ ಹಾಕಿಕೊಳ್ಳಲೂ ಏಳುತ್ತಿರಲಿಲ್ಲ. ಅವಳು ಅಳು ನುಂಗಿ ಮತ್ತೆ ಕೈ ಚಾಚಿದಳು.

ಬಿಸಿ ಶಾಖ, ಗೋಡೆಯ ಮೇಲೆ ಬೆರಳು ಹತ್ತಿಸುವುದು, ಹಗ್ಗ ಎಳೆಯುವುದು... ವಾರಗಳು ಕಳೆದಂತೆ ಕೈ ಹೆಗಲು ದಾಟಿ ಮೇಲೇರಿತು. ಮನಸ್ಸು ಅದಕ್ಕಿಂತ ಮುಂದೆ ಓಡಿತ್ತು! ಬಂದ ಹೆಂಗಸರನ್ನೆಲ್ಲ 'ಅಕ್ಕಾರ' ಎನ್ನುವ ಈ ಮನುಷ್ಯ ತನ್ನನ್ನು ಹಾಗೆ ಕರೆಯುವುದನ್ನು ಯಾವಾಗ ಬಿಟ್ಟ? ನೆನೆದಾಗಲೆಲ್ಲ ಅವಳಿಗೆ ನಾಚಿಕೆಯಾಗುತ್ತಿತ್ತು.

ಅಂಥದ್ದರಲ್ಲಿ ಒಂದು ದಿನ ಅವನು, ಮುಖ ಕೂಡ ನೋಡದೆ, "ನಾಳಿಂದ ನಿಮ್ಮನ್ನ ನಮ್ಮ ಇನ್ನೊಬ್ಬ ಡಾಕ್ಟರ್ ಗುಲ್ನಾಜ್ ಮೇಡಂ ನೋಡ್ತಾರ್ರಿ" ಎಂದುಬಿಟ್ಟ.

ನಾನೇ ಹುಚ್ಚಿ! ಕೈ ಹಿಡಿಯೋದು ಅವರ ಕೆಲಸ. ನಾನು ಏನೇನೋ ತಿಳಿದುಕೊಂಡೆ...

ಮರುದಿನ ಅವಳು ಹೋಗಲಿಲ್ಲ. ಮನೆಯಲ್ಲಿ ಮಾಡುತ್ತಿದ್ದ ವ್ಯಾಯಾಮಕ್ಕೂ ತಿಲಾಂಜಲಿ. ವಾರ ಕಳೆದು ನೀಲಕಂಠ ಖಾನಾವಳಿಗೇ ಬಂದಾಗ ಆ ಕೈ ಮತ್ತೆ ಕೊರಳಿಗೆ ಜೋತುಬಿದ್ದಿತ್ತು.

ಅವನ ಮುಖ ಬಾಡಿತು. "ಸಿಟ್ಟು ನನ್ನ ಮ್ಯಾಲದ. ಪಾಪ, ಭುಜ ಏನ್ ಮಾಡ್ಯಾದ್ರಿ?"

"ನಿಮಗ ಬ್ಯಾಸರಾದ ಕೈ ನನಗರ ಯಾಕ್ ಬೇಕು?"

"ಬ್ಯಾಸರಲ್ಲ ಭುವನೇಶ್ವರಿ..." ಅವನು ತಡವರಿಸಿದ. "ನೀವು ನನ್ನ ಪೇಶಂಟ್ ಇರೋತನಕ ಈ ಮಾತು ಕೇಳೋದು ತಪ್ಪು. ನೋವಿನ್ಯಾಗಿದ್ದೋರು ಡಾಕ್ಟರಿಗಿ ಬ್ಯಾಡನ್ನಾಕ ಅಂಜ್ತಾರ. ಅದಕ್ಕ ಗುಲ್ನಾಜ್ ಮೇಡಂಗ ಒಪ್ಪಿಸ್ದೆ. ಈಗ ಕೇಳಾಕತ್ತೇನಿ... ನಿಮ್ಮನಿಗಿ ನಮ್ಮ ಹಿರ್ಯಾರನ್ನ ಕಳಸ್ಲೇನು? ಬ್ಯಾಡಂದ್ರೂ ನಡೀತದ. ಕೈ ಮಾತ್ರ ಹಿಂಗ ಕಟ್ಟಬ್ಯಾಡ್ರಿ!"

ಒಳಗೆ ಕಲ್ಯಾಣಮ್ಮ ರೊಟ್ಟಿ ಬಡಿಯುವ ಸದ್ದು ಗಪ್ಪನೆ ನಿಂತಿತು.

ಅಯ್ಯೋ, ಇಷ್ಟು ದಿನ ಯಾರ ಮೇಲೆ ಸಿಟ್ಟು ಮಾಡಿಕೊಂಡಿದ್ದೆ! ಭುವನೇಶ್ವರಿ ಕೊರಳಿನ ಬಟ್ಟೆ ಬಿಚ್ಚಿದಳು. ಕಣ್ಣೀರು ನಿಲ್ಲಲಿಲ್ಲ.

"ಕಳಸ್ರಿ... ಆದ್ರ ಈ ನೋವು ಪೂರ್ತಿ ಹೋಗ್ಲಿಲ್ಲಂದ್ರ?"

"ಗುಲ್ನಾಜ್ ಮೇಡಂ ಕಡಿ ನಾನ ಕರಕೊಂಡ್ ಹೋಗ್ತೀನಿ. ಹೊರಗ ಕುಂತಿರ್ತೀನಿ."

"ಒಳಗ್ಯಾಕ ಬರಂಗಿಲ್ರಿ?"

"ನೀ ಅಳೋದು ನನಗ ಇನ್ನ ನೋಡಾಕಾಗಂಗಿಲ್ಲ."