ಗೋಪಾಳದ ಕೇಬಲ್ ಕೇಸು

ಸಬ್ ಇನ್ಸ್‌ಪೆಕ್ಟರ್ ಮೈತ್ರಿ ಒಂದು ಕೈಯಲ್ಲಿ ಡಬ್ಬಿಯ ಉಪ್ಪಿಟ್ಟು ತಿನ್ನುತ್ತ, ಇನ್ನೊಂದರಲ್ಲಿ ಗಸ್ತಿನ ವರದಿ ತಿರುವುತ್ತಿದ್ದಾಗ ವಿಶ್ವಾರಾಧ್ಯ ಒಳಗೆ ಬಂದು ಕುರ್ಚಿ ಎಳೆದುಕೊಂಡರು. ನಿವೃತ್ತ ಅಧಿಕಾರಿ, ಗೋಪಾಳ ಬಡಾವಣೆಯ ನಿವಾಸಿಗಳ ಸಂಘದ ಅಧ್ಯಕ್ಷರು. ತಮ್ಮ ತಾರಸಿಯ ಮೇಲೆ ಹಾದುಹೋಗುವ ಇಂಟರ್ನೆಟ್ ಕೇಬಲ್ಲನ್ನು ಯಾರೋ ಪದೇ ಪದೇ ಕತ್ತರಿಸುತ್ತಿದ್ದಾರೆ ಎಂಬುದು ದೂರು. ಹಳ್ಳಿಹಳ್ಳಿಗೂ ನೆಟ್ ತಲುಪಿರುವ ದೇಶದಲ್ಲಿ ಇದೆಂಥ ಅನಾಗರಿಕತೆ ಎಂದು ಭಾಷಣ ಮಾಡಿದರು. ಪಕ್ಕದ ಕಟ್ಟಡದ ಕೂಲಿಯವರ ಮೇಲೆ ಅನುಮಾನವೆಂದು ತಾವೇ ಬರೆಸಿದರು. ಗುರುವಾರ ಬೆಳಿಗ್ಗೆ 10.20ಕ್ಕೆ ಎಫ್‌ಐಆರ್ ದಾಖಲಾಯಿತು.

ತಾರಸಿಯಲ್ಲಿ ಪಂಚನಾಮೆ ನಡೆಯಿತು. ಕತ್ತರಿಸಿದ ತುದಿಗಳು ಬೀದಿಗೆ ಜೋತುಬಿದ್ದಿರಲಿಲ್ಲ. ಯಾರೋ ಅವನ್ನು ಮಡಿಸಿ, ಬಾಳೆನಾರಿನಿಂದ ಕಂಬಿಗೆ ಕಟ್ಟಿದ್ದರು.

"ಕಳ್ಳ ಭಾರಿ ಶಿಸ್ತಿನವನು ಮೇಡಂ," ಎಂದ ಹೆಡ್ ಕಾನ್‌ಸ್ಟೆಬಲ್ ಮೂರ್ತಪ್ಪ.

ಮೈತ್ರಿ ಗಂಟನ್ನು ನೋಡಿದಳು. ಹೂವಿನ ದಂಡೆಗೆ ಹಾಕುವ ಗಂಟು.

"ಮನೇಲಿ ಹೂವು ಕಟ್ಟೋರು ಯಾರು ಸಾರ್?" ಎಂದು ವಿಶ್ವಾರಾಧ್ಯರನ್ನು ಕೇಳಿದಳು.

"ನನ್ನ ಹೆಂಡತಿ. ಅದೊಂದು ಬಿಟ್ಟು ಅವಳಿಗೇನು ಬರುತ್ತೆ? ಕೇಬಲ್ ಯಾವ್ದು, ಬಟ್ಟೆ ಒಣಹಾಕೋ ಹಗ್ಗ ಯಾವ್ದು ಗೊತ್ತಾಗಲ್ಲ."

ಅಡುಗೆಮನೆಯಲ್ಲಿದ್ದ ಹೆಂಡತಿ ಸುಭದ್ರಮ್ಮ ಏನನ್ನೂ ಮುಚ್ಚಿಡಲಿಲ್ಲ.

"ನೆಟ್ ಇಲ್ದಿದ್ರೆ ಇವ್ರು ಮನೇಲಿರಲ್ಲಮ್ಮ. ಕೋಟೆ ಏರಿಯಾದಲ್ಲಿರೋ ಸ್ನೇಹಿತರ ಮನೇಗೆ ಹೋಗಿ ಸಂಜೆವರೆಗೂ ಫೋನ್ ಹಿಡ್ಕೊಂಡು ಕೂತಿರ್ತಾರೆ."

"ನೀವು?"

"ಭದ್ರಾವತಿ ಬಸ್ ಹತ್ತೀನಿ. ತಂಗಿ ಮನೇಲಿ ನೆಟ್ಟಿದೆ. ಬಿ.ಎ. ಪಾಠ ಕೇಳ್ತೀನಿ."

ಮನೆಯ ವೈ-ಫೈ ಪಾಸ್‌ವರ್ಡ್ ಹಾಲಿನವನಿಗೂ ಗೊತ್ತಿತ್ತು. ಹೆಂಡತಿಗೆ ಮಾತ್ರ ಗಂಡ ಹೇಳಿರಲಿಲ್ಲ. ಈ ವಯಸ್ಸಿನಲ್ಲಿ ನಿನಗ್ಯಾಕೆ ಎಂದಿದ್ದರಂತೆ. ಅಂಚೆ ತೆರಪಿನ ಶಿಕ್ಷಣಕ್ಕೆ ಸೇರಿದ್ದಕ್ಕೆ ನಕ್ಕು, ಅವರು ತಂಗಿಯ ಮನೆಗೆ ಹೋಗದಂತೆಯೂ ತಡೆದಿದ್ದರು.

"ಸೋಮವಾರ ಮಧ್ಯಾಹ್ನ ಭದ್ರಾವತೀಲಿ ಕೊನೇ ಪರೀಕ್ಷೆ," ಎಂದರು ಸುಭದ್ರಮ್ಮ, ಸೆರಗಿಗೆ ಕೈ ಒರೆಸಿಕೊಳ್ಳುತ್ತ. "ಇನ್ನೊಂದ್ಸಲ ಕತ್ತರಿಸಿದ್ರೆ ಮುಗೀತಿತ್ತು."

ಮಧ್ಯಾಹ್ನ ಅವರನ್ನು ಬಂಧಿಸಿ, ಠಾಣೆಯಲ್ಲೇ ಜಾಮೀನು ಕೊಡಲಾಯಿತು. ಬಂಧನದ ಸುದ್ದಿ ಯಾರಿಗೆ ತಿಳಿಸಬೇಕೆಂದು ಕೇಳಿದಾಗ ತಂಗಿಯ ಹೆಸರು ಹೇಳಿದರು.

ವಿಶ್ವಾರಾಧ್ಯರಿಗೆ ಹೆಂಡತಿಯ ಅವಸ್ಥೆಗಿಂತ ಸಂಘದವರು ಏನೆನ್ನುತ್ತಾರೋ ಎಂಬ ಚಿಂತೆ. ಕೂಲಿಯವರ ಮೇಲೆ ಅಷ್ಟು ಸಲೀಸಾಗಿ ಅನುಮಾನ ಬರೆಸಿದ್ದ ಮನುಷ್ಯ ಈಗ ಪಿಸುಗುಟ್ಟಿದರು: "ದೂರು ವಾಪಸ್ ತಗೋತೀನಿ, ಇಲ್ಲಿಗೇ ಮುಗಿಸಿಬಿಡಿ."

"ಎಫ್‌ಐಆರ್ ಆಗಿದೆ ಸಾರ್, ಇಲ್ಲಿ ಮುಗಿಯಲ್ಲ," ಎಂದಳು ಮೈತ್ರಿ. "ನಿಮ್ಮ ಹೇಳಿಕೆ ವಿವರವಾಗಿ ಬೇಕು. ಸೋಮವಾರ ಬೆಳಿಗ್ಗೆ ಬನ್ನಿ."

"ಎಷ್ಟು ಹೊತ್ತಾಗುತ್ತೆ?"

"ನೋಡೋಣ."

ಅವರು ಗೊಣಗುತ್ತ ಹೊರಟರು. ಸೋಮವಾರ ಕತ್ತಲಾಗುವವರೆಗೆ ಅವರನ್ನು ಠಾಣೆಯ ಬೆಂಚಿನಿಂದ ಏಳಗೊಡಬಾರದೆಂದು ಮೈತ್ರಿ ನಿರ್ಧರಿಸಿಯಾಗಿತ್ತು. ಅವತ್ತು ಅವರಿಂದ ಏನು ಕೆಲಸವೆಂದು ಮೂರ್ತಪ್ಪ ಕೇಳಿದಾಗ, ಏನೂ ಇಲ್ಲವೆಂದು ಮುಂದಿನ ಫೈಲು ತೆಗೆದಳು.