ಹೆಂಗಸರ ವಾರ್ಡಿಗೆ ಒಬ್ಬ ಹೆಂಗಸು

"ನಾನೇ ಇರ್ತೀನಲ್ಲ, ಸಾಲ್ದಾ?" ಎಂದ ಬಸವಕಿರಣ್.

ವಿಜಯನಗರದ ಆ ನರ್ಸಿಂಗ್ ಹೋಮಿನ ನರ್ಸ್ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಇದು ಹೆಂಗಸರ ವಾರ್ಡ್ ಸಾರ್. ಲೇಡಿ ಅಟೆಂಡರ್ ಇಲ್ದೆ ಆಪರೇಷನ್‌ಗೆ ಡೇಟ್ ಕೊಡಲ್ಲ."

"ಸೀರೆ ಉಟ್ಕೊಂಡ್ ಬರ್ಲಾ?" ಅವನು ಶೈಲಾಳ ಕಿವಿಯಲ್ಲಿ ಪಿಸುಗುಟ್ಟಿದ.

"ಮೀಸೆ ತೆಗೀಬೇಕಾಗತ್ತೆ." ಅವಳು ಕಣ್ಣಂಚಿನಲ್ಲೇ ಆ ಮೀಸೆಯನ್ನೊಮ್ಮೆ ಸವರಿ ನಕ್ಕಳು.

ನಗು ಬಂದದ್ದೇ ಹೆಚ್ಚು. ಗರ್ಭಕೋಶದ ಗೆಡ್ಡೆಯಿಂದ ರಕ್ತ ಹೋಗಿ ಹೋಗಿ, ನಾಲ್ಕು ಮೆಟ್ಟಿಲು ಹತ್ತಿದರೆ ಕಣ್ಣಿಗೆ ಕತ್ತಲೆ. ಗಂಡ ಬಿಟ್ಟುಹೋದ ಮೇಲೆ ಪುಟ್ಟ ಮಗಳು ಅನಘಾಗೆ ಇವಳೊಬ್ಬಳೇ ದಿಕ್ಕು. ಮೊದಲಾದರೆ ಚಂದ್ರಾ ಲೇಔಟಿನ ಅಕ್ಕನ ಬಳಗದವರಿದ್ದರು. ಸೋಮವಾರ ಜೊತೆಯಲ್ಲಿ ವಚನ ಹಾಡುವವರು, ಜ್ವರ ಬಂದರೆ ಗಂಜಿ ತರುವವರು. ಕಿರಣನ ಬೈಕಿನ ಹಿಂದೆ ಇವಳನ್ನು ಕಂಡದ್ದೇ ತಡ, ಒಬ್ಬರೂ ಫೋನ್ ಎತ್ತಲಿಲ್ಲ. ಬಳಗದ ಅಧ್ಯಕ್ಷೆ ಬಸವರಾಜೇಶ್ವರಿ ಕಿರಣನ ತಾಯಿ. ಅಯ್ಯೋ, ದಯೆಯೇ ಧರ್ಮ ಎಂದು ಹಾಡುವ ಬಾಯಿಗಳು ಎಷ್ಟು ಬೇಗ ಮುಚ್ಚಿಕೊಂಡವು!

"ಅಮ್ಮನ್ನೇ ಕೇಳ್ತೀನಿ," ಎಂದ ಕಿರಣ್. ಕೇಳಿಯೂ ಬಿಟ್ಟ.

ಮರುದಿನ ಆಕೆ ಒಬ್ಬರೇ ಶೈಲಾಳ ಮನೆಗೆ ಬಂದರು.

"ನಾನ್ ಬಂದ್ ಕೂತ್ಕೋತೀನಮ್ಮ. ಗಂಜಿ, ಬೆಡ್‌ಪ್ಯಾನ್ ಎಲ್ಲ ನಾನೇ ನೋಡ್ಕೋತೀನಿ. ಅನಘಾ ನಮ್ಮನೇಲಿರ್ಲಿ. ಬಳಗದೋರೂ ಬರ್ತಾರೆ. ಆದ್ರೆ ಕಿರಣನ್ನ ನೀನೇ ಬೇಡ ಅನ್ಬೇಕು. ನಾನ್ ಹೇಳಿದ್ದು ಅಂತ ಗೊತ್ತಾಗ್ಬಾರ್ದು."

"ಇಷ್ಟೆಲ್ಲ ಮಾಡೋರಿಗೆ ನನ್ನ ಒಪ್ಕೊಳ್ಳೋದೊಂದು ಯಾಕಾಗಲ್ಲ ಅಮ್ಮಾ?"

"ಗರ್ಭಕೋಶ ತೆಗೆಸ್ಕೊಂಡೋಳು ನನಗೆ ಮೊಮ್ಮಗು ಕೊಡ್ತಾಳಾ?"

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಆಕೆ ತಲೆ ಸವರಿದರು. ಒಳಗೆ ಅನಘಾ ಗೊಂಬೆಗೆ ಊಟ ಮಾಡಿಸುತ್ತಿದ್ದಳು. ಶೈಲಾ ಆಗಲಿ ಎಂದಳು.

ಸಂಜೆ ಕಿರಣ್ ಓಡಿಬಂದ. "ಅಮ್ಮ ಒಪ್ಪಿದ್ರು ರೀ! ಬೆಡ್ ಪಕ್ಕ ಕೂರೋಕೆ ಒಪ್ಪಿದ್ರು ಅಂದ್ರೆ ಸೊಸೆ ಅಂತ ಒಪ್ಕೊಂಡ ಹಾಗೇ!"

ಖುಷಿಗೆ ಅವನ ಕೆನ್ನೆ ಕೆಂಪಾಗಿತ್ತು. ಆ ಕೆನ್ನೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳಬೇಕೆನಿಸಿತು ಅವಳಿಗೆ.

"ನಂಗೆ ಆಸ್ಪತ್ರೆಗೆ ಯಾರಾದ್ರೂ ಒಬ್ರು ಬೇಕಿತ್ತು ಕಿರಣ್. ಅದಕ್ಕೇ ನಿಮ್ ಜೊತೆ ಓಡಾಡಿದ್ದು. ಈಗ ನಿಮ್ಮಮ್ಮ ಸಿಕ್ಕಿದ್ರಲ್ಲ. ನೀವಿನ್ನು ಬರ್ಬೇಡಿ."

"ತಮಾಷೆ ಸಾಕು ಶೈಲಾ."

"ತಮಾಷೆ ಅಲ್ಲ."

ಅವನು ಅವಳ ಮುಖವನ್ನೇ ನೋಡಿದ. "ಒಂದಿನಾನೂ ನಾನು ಇಷ್ಟ ಆಗ್ಲಿಲ್ವಾ?"

"ಇಲ್ಲ."

ಜಗಳವಾಡುತ್ತಾನೆ, ಸುಳ್ಳು ಹೇಳ್ತಿದೀರಿ ಅಂತ ಹಿಡಿದುಹಾಕುತ್ತಾನೆ ಎಂದು ಕಾದಳು. ಅವನು ನಂಬಿಬಿಟ್ಟ.