ಚೀಲ ಖಾಲಿ ಮಾಡಿದವಳು

"ಇದನ್ನ ಚೆಲ್ಲಿದ್ದು ಯಾರು?"

ಮಂಚದ ಪಕ್ಕ ಬಗ್ಗಿ, ಖಾಲಿ ಮೂತ್ರದ ಚೀಲ ಹಿಡಿದು ವಾರ್ಡಿನ ನರ್ಸ್ ಹುಡುಗ ಗುಡುಗಿದ. ಕಣ್ಣಲ್ಲಿ ಕೆಂಡ!

"ನಾನೇ..." ಅಂದಳು ರೋಗಿಯ ಮಗಳು.

"ಅಳೆಯೋಕೆ ಮುಂಚೆನೇ? ಈ ಉಪಕಾರ ನಿಮ್ಮನ್ನ ಯಾರು ಕೇಳಿದ್ರು?"

ಅಮ್ಮನೇ ಕೇಳಿದ್ದಳು. ಹೊಟ್ಟೆಯ ದೊಡ್ಡ ಆಪರೇಷನ್ ಆಗಿ ಎಚ್ಚರವಾದಾಗ ಅವಳಿಗೆ ನೋವಿನ ಚಿಂತೆಗಿಂತ ಆ ಚೀಲದ ಚಿಂತೆಯೇ ಹೆಚ್ಚು. "ಪುಟ್ಟೀ, ಬಂದವರೆಲ್ಲ ಇದನ್ನೇ ನೋಡ್ತಾರೆ ಕಣೇ. ಮಾನ ಹೋಗುತ್ತೆ, ಚೆಲ್ಲಿ ಬಾ" ಅಂದಿದ್ದಳು. ಪುಟ್ಟಿ ಚೆಲ್ಲಿ, ಕೈ ತೊಳೆದುಕೊಂಡು ಬಂದಿದ್ದಳು.

"ಆಪರೇಷನ್‌ನಲ್ಲಿ ತುಂಬಾ ರಕ್ತ ಹೋಗಿದೆ. ಕಿಡ್ನಿ ಸರಿಯಾಗಿದೆಯಾ ಅಂತ ನಾವು ಮೊದಲು ನೋಡೋದೇ ಇದರಲ್ಲಿ. ಎಷ್ಟು ಬಂತು ಅಂತ ಗೊತ್ತಿಲ್ಲದೆ ಡ್ರಿಪ್ ಜಾಸ್ತಿ ಮಾಡೋದಾ, ಕಮ್ಮಿ ಮಾಡೋದಾ? ಡಾಕ್ಟರಿಗೆ ಏನಂತ ಹೇಳ್ಲಿ?"

ಪುಟ್ಟಿಗೆ ಸಿಟ್ಟು ಬರಲಿಲ್ಲ. ಅಳುವೂ ಬರಲಿಲ್ಲ. ಆಪರೇಷನ್ ಕೋಣೆಯ ಬಾಗಿಲು ಮುಚ್ಚಿದಾಗಲೇ ಒಳಗೆಲ್ಲ ಮರಗಟ್ಟಿತ್ತು. ಎಂಥ ಕಲ್ಲು ಹುಡುಗಿ ಅಂದುಕೊಂಡ ಅವನು. ಪಾಪ, ಅವನಿಗೇನು ಗೊತ್ತು!

ಅವನು ಹೋಗಿ ಡಾಕ್ಟರ ಕಿವಿಯಲ್ಲಿ ಏನೋ ಹೇಳಿದ್ದು ಕಾಣಿಸಿತು. 'ನನ್ನ ಮೇಲೆ ಚಾಡಿ... ಹೇಳ್ಲಿ ಬಿಡು.' ಅದೂ ಅವಳಿಗೆ ತಾಗಲಿಲ್ಲ.

ಆಮೇಲೆ ಚೀಲಕ್ಕೆ ಒಂದು ಹನಿಯೂ ಬೀಳಲಿಲ್ಲ. ಚೀಲಕ್ಕೆ ಬರುವ ಕೊಳವೆಯೇನೂ ಕಟ್ಟಿಕೊಂಡಿರಲಿಲ್ಲ. ರಕ್ತ ಪರೀಕ್ಷೆಯಲ್ಲೂ ಕಿಡ್ನಿ ಸೋಲುತ್ತಿರುವ ಸೂಚನೆ. ಡಾಕ್ಟರು ಡ್ರಿಪ್ ಏರಿಸಿದರು. ಹೀಗೇ ಆದರೆ ಡಯಾಲಿಸಿಸ್ ಅಂದರು. ಹೊರಡುವಾಗ ನರ್ಸ್ ಕಡೆ ತಿರುಗಿ, "ಮನೆಯವರಿಗೆ ತಿಳಿಸದೇ ಇದ್ದದ್ದು ನಂದೇ ತಪ್ಪು ಅಂದ್ಯಲ್ಲಯ್ಯಾ, ಇನ್ಮೇಲಾದ್ರೂ ಹೇಳು" ಅಂದರು.

ಅವಳು ಚೀಲವನ್ನೇ ನೋಡುತ್ತಾ ನೆಲದ ಮೇಲೆ ಕೂತಳು. 'ನಾನೇ ಅಮ್ಮನನ್ನ ಕೊಂದೆನಾ?' ಯಾರದೋ ಮನೆಯ ಸುದ್ದಿಯ ಹಾಗೆ ಆ ಯೋಚನೆ ಬಂದು ಹೋಯಿತು.

ಅವನೂ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ಊರ ಜೋಡಿಗಳೆಲ್ಲ ಚಂದ್ರನನ್ನ ನೋಡ್ತಾ ಕೂತರೆ, ಇವರದ್ದು ಇದು!

"ನನ್ನ ಮೇಲೆ ಹೇಳ್ಲಿಲ್ವಾ ನೀವು?"

"ಚೆಲ್ಲಬೇಡಿ ಅಂತ ನಾನೇ ಮೊದಲು ಹೇಳಬೇಕಿತ್ತು. ಹೇಳದೆ ನಿಮ್ಮ ಮೇಲೆ ರೇಗಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ..."

ಕೊಳವೆಯಲ್ಲಿ ಏನೋ ಹೊಳೆಯಿತು. ಒಂದು ಹನಿ... ಇನ್ನೊಂದು...

"ಬಂತು!" ಕೂಗಿಯೇಬಿಟ್ಟ.

"ಥೂ! ಅದಕ್ಯಾಕೆ ಡಂಗುರ ಸಾರ್ತೀಯಪ್ಪಾ?" ಮಂಚದಿಂದ ಅಮ್ಮನ ಕ್ಷೀಣ ದನಿ.

ಅವನು ನಕ್ಕ. ಅವಳಿಗೆ ನಗುವೂ ಬರಲಿಲ್ಲ.

ಕಿಡ್ನಿ ನಿಧಾನವಾಗಿ ಚೇತರಿಸಿಕೊಂಡಿತು. ಮನೆಗೆ ಹೊರಡುವ ದಿನ ಅವನು ಬಾಗಿಲವರೆಗೂ ಬಂದ.

"ಇನ್ನು ನೀವು ಇಲ್ಲಿಗೆ ಬರೋ ಹಾಗಾಗೋದು ಬೇಡ. ನಾನೇ... ನಿಮ್ಮನೆಗೆ ಬರ್ಲಾ? ನಂಗೆ ನೀವು ಇಷ್ಟ."

ಅವಳು ತನ್ನೊಳಗೆ ಹುಡುಕಿದಳು. ಸಂತೋಷ? ಇಲ್ಲ. ನಾಚಿಕೆ? ಅದೂ ಇಲ್ಲ.

"ನಂಗೆ ಏನೂ ಅನ್ನಿಸ್ತಿಲ್ಲ. ಅಮ್ಮ ಉಳಿದ್ಲು ಅಂತ ಖುಷಿನೂ ಆಗ್ತಿಲ್ಲ. ಇಂಥೋಳು ನಿಮಗ್ಯಾಕೆ?"

ಅವನು ಮೆಲ್ಲಗೆ ಕೇಳಿದ, "ಊಟ ಮಾಡಿದ್ರಾ?"

ಅವಳು ತಲೆ ಎತ್ತಿದಳು.

"ಇಷ್ಟು ದಿನ ಎಲ್ಲರೂ ಅಮ್ಮನ ಬಗ್ಗೆನೇ ಕೇಳಿದ್ವಿ. ನಿಮ್ಮನ್ನ ಯಾರೂ ಕೇಳ್ಲಿಲ್ಲ... ನಾನೂ ಕೇಳ್ಲಿಲ್ಲ."

ಅವಳು ತಡೆದಿಟ್ಟ ಅಳುವೆಲ್ಲ ಒಮ್ಮೆಲೇ ಉಕ್ಕಿ ಬಂತು!

"ಇಲ್ಲ... ಮಾಡಿಲ್ಲ," ಅಂದಳು ಬಿಕ್ಕುತ್ತಾ. "ಮನೆಗೆ ಬನ್ನಿ... ಒಟ್ಟಿಗೆ ಮಾಡೋಣ."